ಮರುಭೂಮಿಯಲ್ಲಿ ಐದು ದಿನ



ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿರುವುದು ಈಗ ಸಾಮಾನ್ಯವಾದ ಸಂಗತಿ. ಬಾಣಂತನಕ್ಕೋ, ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೋ, ಬರಿಯ ಪ್ರೀತಿಗೋ ತಂದೆತಾಯಿಗಳು ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬರುತ್ತಾರೆ. ಹಾಗೆ ಹೋದಾಗ ಒಂದು ದಿನ ಮಕ್ಕಳು, “ಅಪ್ಪ, ಮುಂದಿನ ತಿಂಗಳು ಐದು ದಿನ ಬಿಡುವಿದೆ. ಒಂದು ಆರ್.ವಿ. ಬಾಡಿಗೆಗೆ ಹಿಡಿದು ಮರುಭೂಮಿಯ ನ್ಯಾಷನಲ್ ಪಾರ್ಕುಗಳಿಗೆ ಹೋಗಿಬರೋಣ” ಎನ್ನುತ್ತಾರೆ. ಹಿರಿಯರಿಗೆ ಆಶ್ಚರ್ಯ: ಗುಡಿಯಿಲ್ಲ, ಹೊಳೆಯಿಲ್ಲ, ನೆರಳಿಲ್ಲ; ಮರುಭೂಮಿಯಲ್ಲಿ ನೋಡುವುದೇನು? ಕಿರಿಯರಿಗೆ ಅವಸರ: ಐದು ದಿನಗಳಲ್ಲಿ ಐದು ಪಾರ್ಕುಗಳನ್ನು ಮುಗಿಸುವ ಹುಮ್ಮಸ್ಸು. ಈ ಎರಡರ ನಡುವೆ ಪ್ರವಾಸದ ಯೋಜನೆ ಹೇಗಿರಬೇಕೆಂಬುದನ್ನು ಇಂದು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ಒಂದು ಫೆಬ್ರವರಿಯಲ್ಲಿ ಮಗಳು, ಅಳಿಯ, ಮೊಮ್ಮಗನೊಡನೆ ನಾನೂ ನನ್ನ ಮನೆಯವರೂ ಇಂಥದೊಂದು ಪ್ರವಾಸ ಮಾಡಿ ಬಂದೆವು. ಆಡುವ ಮಾತಿಗೆ ಅಷ್ಟರಮಟ್ಟಿನ ಆಧಾರವುಂಟು.

ಮೊದಲು ಹೆಸರನ್ನೇ ನೋಡೋಣ. ‘ಮರು’ ಎಂಬ ಸಂಸ್ಕೃತ ಶಬ್ದವನ್ನು ವ್ಯಾಖ್ಯಾನಕಾರರು ‘ಸಾಯು’ ಎಂಬ ಅರ್ಥದ ಧಾತುವಿನಿಂದ ಬಿಡಿಸುತ್ತಾರೆ. ಎಲ್ಲಿ ಪ್ರಾಣಿಗಳು ನೀರಿಲ್ಲದೆ ಸಾಯುತ್ತವೆಯೋ ಅದು ಮರು. ಕ್ಯಾಲಿಫೋರ್ನಿಯದ ಪೂರ್ವದ ಅಂಚಿನಲ್ಲಿರುವ ದೊಡ್ಡ ಮರುಭೂಮಿಗೆ ಇಂಗ್ಲಿಷಿನವರು ಇಟ್ಟ ಹೆಸರು ‘ಡೆತ್ ವ್ಯಾಲಿ’, ಮೃತ್ಯುಕಣಿವೆ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಬರಡು ನೆಲವನ್ನು ಕಂಡು ಒಂದೇ ಮಾತನ್ನು ನೆನೆದುವು.

ಆದರೆ ಆ ಕಣಿವೆಗೆ ಅದಕ್ಕಿಂತ ಹಳೆಯ ಹೆಸರೊಂದುಂಟು. ಅಲ್ಲಿ ಬಹುಕಾಲದಿಂದ ನೆಲೆಸಿರುವ ಜನ ಟಿಂಬಿಷಾ ಶೋಶೋನಿಯರು. ‘ಟಿಂಬಿಷಾ’ ಎಂದರೆ ಮುಖಕ್ಕೆ ಹಚ್ಚಿಕೊಳ್ಳುವ ಕೆಮ್ಮಣ್ಣಿಗೆ ಸಂಬಂಧಿಸಿದ ಹೆಸರು. ಅವರಿಗೆ ಅದು ಸಾವಿನ ಜಾಗವಲ್ಲ, ತವರು. ಚಳಿಗಾಲದಲ್ಲಿ ಕಣಿವೆಯ ಊಟೆಗಳ ಬಳಿ ಇರುವರು. ಬಿಸಿಲು ಏರಿದಂತೆ ಸುತ್ತಲಿನ ಬೆಟ್ಟಗಳ ತಂಪಿಗೆ ಏರುವರು. ಮೃತ್ಯುವಿನ ಹೆಸರಿಟ್ಟವರು ೧೮೪೯ರ ಡಿಸೆಂಬರಿನಲ್ಲಿ ಚಿನ್ನದ ಆಸೆಗೆ ಹತ್ತಿರದ ದಾರಿ ಹಿಡಿಯಲು ಹೋಗಿ ಅಲ್ಲಿ ಸಿಕ್ಕಿಬಿದ್ದ ವಲಸೆಗಾರರು. ವಿಲಿಯಂ ಲೂಯಿಸ್ ಮ್ಯಾನ್ಲಿ, ಜಾನ್ ರೋಜರ್ಸ್ ಎಂಬ ಇಬ್ಬರು ತರುಣರು ಹೆಂಗಸರು ಮಕ್ಕಳನ್ನು ನೀರಿನ ಬಳಿ ಬಿಟ್ಟು, ಸುಮಾರು ೨೫೦ ಮೈಲಿ ನಡೆದು ಆಹಾರ ತಂದು ಅವರನ್ನು ಪಾರುಮಾಡಿದರು. ಗಮನಿಸಬೇಕಾದ ಮಾತೆಂದರೆ ಆಗ ಇದ್ದುದು ಚಳಿಗಾಲ, ನೀರೂ ಇತ್ತು. ಇಲ್ಲದೆ ಹೋದದ್ದು ದಾರಿಯ ತಿಳಿವಳಿಕೆ. ಒಂದೇ ನೆಲ: ತಿಳಿದವರಿಗೆ ತವರಾಯಿತು, ತಿಳಿಯದೆ ನುಗ್ಗಿದವರಿಗೆ ಮೃತ್ಯುವಾಯಿತು. ಐದು ದಿನದ ಪ್ರವಾಸಕ್ಕೂ ಇದೇ ಪಾಠ. ಕಾಲ, ನೀರು, ದಾರಿ, ಈ ಮೂರರ ಲೆಕ್ಕವೇ ಮರುಭೂಮಿಯ ಯೋಜನೆ. ಉಳಿದುದೆಲ್ಲ ಅದರ ಹಿಂದೆ ಬರುತ್ತದೆ.

ಕಾಲದ ಲೆಕ್ಕ ಎಲ್ಲಕ್ಕಿಂತ ಮೊದಲು. ನವೆಂಬರಿನಿಂದ ಮಾರ್ಚಿಯವರೆಗೆ ಹೋಗಿ, ಬೇಸಗೆಯಲ್ಲಿ ಬೇಡ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್ ಎಂಬ ಸ್ಥಳದಲ್ಲಿ ೧೯೧೩ರ ಜುಲೈ ೧೦ರಂದು ದಾಖಲಾದ ೫೬.೭ ಡಿಗ್ರಿ ಸೆಲ್ಸಿಯಸ್ ಪ್ರಪಂಚದ ಅತ್ಯಧಿಕ ಉಷ್ಣತೆಯೆಂದು ಪ್ರಸಿದ್ಧ. ಆ ದಾಖಲೆಯನ್ನು ಸಂಶಯಿಸುವ ವಿಜ್ಞಾನಿಗಳೂ ಉಂಟು. ಆದರೆ ೨೦೨೦ರ ಆಗಸ್ಟಿನಲ್ಲಿ ಅಲ್ಲಿಯೇ ೫೪.೪ ಡಿಗ್ರಿ ಮುಟ್ಟಿತು. ೨೦೨೪ರ ಜುಲೈ ತಿಂಗಳಲ್ಲಂತೂ ಹಗಲು ರಾತ್ರಿ ಸೇರಿದ ಸರಾಸರಿಯೇ ೪೨.೫ ಡಿಗ್ರಿ. ಅದೇ ತಿಂಗಳು ಮೋಟಾರ್ ಸೈಕಲ್ಲುಗಳಲ್ಲಿ ಬಂದ ಆರು ಜನರ ಗುಂಪಿನಲ್ಲಿ ಒಬ್ಬರು ಸೆಕೆಗೆ ಪ್ರಾಣ ಬಿಟ್ಟರು. ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರು ಬರಲಾಗಲಿಲ್ಲ. ಕಾದ ಗಾಳಿ ತೆಳುವಾಗಿ ಅದನ್ನು ಹೊರುವ ಶಕ್ತಿಯನ್ನೇ ಕಳೆದುಕೊಂಡಿತ್ತು. ಅನೇಕ ಬಾಡಿಗೆ ಸಂಸ್ಥೆಗಳು ಬೇಸಗೆಯಲ್ಲಿ ತಮ್ಮ ಗಾಡಿಗಳನ್ನು ಆ ಕಣಿವೆಗೆ ಒಯ್ಯಬಾರದೆಂದು ಕರಾರಿನಲ್ಲೇ ಬರೆಯುತ್ತವೆ. ಕರಾರನ್ನು ಓದಿ ನೋಡಿ. ಮೊಮ್ಮಕ್ಕಳ ಶಾಲೆಗೆ ರಜೆ ಬೇಸಗೆಯಲ್ಲೇ ತಾನೆ ಎಂದರೆ, ಆ ರಜೆಗೆ ಸಮುದ್ರತೀರವೋ ಬೆಟ್ಟವೋ ಇದೆ.

ಚಳಿಗಾಲವೆಂದರೆ ನಿಜವಾದ ಚಳಿಯೂ ಉಂಟು. ಜನವರಿಯಲ್ಲಿ ಡೆತ್ ವ್ಯಾಲಿಯ ತಳದಲ್ಲಿ ಹಗಲು ೧೯–೨೦ ಡಿಗ್ರಿ ಹಿತವಾಗಿದ್ದು ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಎತ್ತರದಲ್ಲಿರುವ ಜೋಷುವಾ ಟ್ರೀ ಪಾರ್ಕಿನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಮರುಭೂಮಿಗೆ ಹೋಗುವವರು ಸ್ವೆಟರು, ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿಗೆಗಳನ್ನು ಮರೆಯಬಾರದು. ಗಾಳಿಯಲ್ಲಿ ತೇವವಿಲ್ಲದಿದ್ದರೆ ಹಗಲಿನ ಬಿಸಿಯನ್ನು ಹಿಡಿದಿಡುವ ಹೊದಿಕೆಯೇ ಇಲ್ಲವೆಂದು ತಿಳಿಯಬೇಕು.

ಇನ್ನು ಗಾಡಿಯ ಮಾತು. ಆರ್.ವಿ. ಎಂದರೆ ರಿಕ್ರಿಯೇಷನಲ್ ವೆಹಿಕಲ್. ನಾನು ಅದನ್ನು ಮನೆಗಾಡಿ ಎನ್ನುತ್ತೇನೆ. ನಮ್ಮ ಹಿರಿಯರು ಕಮಾನುಗಾಡಿ ಕಟ್ಟಿ, ಅಕ್ಕಿಬೇಳೆ ಪಾತ್ರೆ ತುಂಬಿಕೊಂಡು ಜಾತ್ರೆಗೆ ಹೋಗುತ್ತಿದ್ದುದರ ದೊಡ್ಡ ರೂಪ ಅದು. ಮಂಚ, ಗ್ಯಾಸಿನ ಒಲೆ, ಸಣ್ಣ ಫ್ರಿಜ್ಜು, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಗಾಲಿಯ ಮೇಲೆ. ಬಸ್ಸಿನಷ್ಟು ದೊಡ್ಡದು ‘ಎ’ ವರ್ಗ, ವ್ಯಾನಿನಷ್ಟು ಚಿಕ್ಕದು ‘ಬಿ’ ವರ್ಗ, ಚಾಲಕನ ತಲೆಯ ಮೇಲೂ ಅಟ್ಟದಂತೆ ಹಾಸಿಗೆಯುಳ್ಳದ್ದು ‘ಸಿ’ ವರ್ಗ. ನಾಲ್ವರು ದೊಡ್ಡವರು, ಒಂದು ಮಗು ಇರುವ ಸಂಸಾರಕ್ಕೆ ‘ಸಿ’ ವರ್ಗದ್ದು ಸಾಕು. ಅಳತೆಯ ವಿಷಯದಲ್ಲಿ ಒಂದು ಸಂಖ್ಯೆಯನ್ನು ನೆನಪಿಡಿ: ೨೫ ಅಡಿ. ಡೆತ್ ವ್ಯಾಲಿಯಲ್ಲಿ ಬಣ್ಣಬಣ್ಣದ ಗುಡ್ಡಗಳ ನಡುವೆ ಸಾಗುವ ಆರ್ಟಿಸ್ಟ್ಸ್ ಡ್ರೈವ್ ಎಂಬ ರಸ್ತೆಗೆ ೨೫ ಅಡಿಗಿಂತ ಉದ್ದದ ವಾಹನಗಳನ್ನು ಬಿಡುವುದಿಲ್ಲ. ಜೋಷುವಾ ಟ್ರೀಯ ಎರಡು ಕ್ಯಾಂಪುಗಳಲ್ಲಿಯೂ ಇದೇ ಮಿತಿ. ಬಾಡಿಗೆಯವರು ಬಾಯಲ್ಲಿ ಹೇಳುವ ಅಳತೆಯನ್ನು ನಂಬದೆ, ಹಿಂದಿನ ಏಣಿಯನ್ನೂ ಸೇರಿಸಿ ಅಳೆದು ಕೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ರಸ್ತೆ ಇದ್ದಷ್ಟು ಗಾಡಿ ಹಿಡಿ ಎಂದು ಓದಿಕೊಳ್ಳಬೇಕು.

ಗಾಡಿ ಓಡುವಾಗ ಎಲ್ಲರೂ ಬೆಲ್ಟು ಕಟ್ಟಿ ಕುಳಿತಿರಬೇಕು. ಕಾಫಿ ಬೆರೆಸಲು ಏಳುವಂತಿಲ್ಲ, ಮಂಚದ ಮೇಲೆ ಮಲಗುವಂತಿಲ್ಲ. ಹೊರಡುವ ಮುನ್ನ ಕಪಾಟುಗಳ ಚಿಲಕ ಹಾಕದಿದ್ದರೆ ಮೊದಲ ತಿರುವಿನಲ್ಲೇ ಪಾತ್ರೆಗಳು ಉರುಳುತ್ತವೆ. ಪೆಟ್ಟಿಗೆಯಂತಹ ಗಾಡಿಯಾದುದರಿಂದ ಅಡ್ಡಗಾಳಿಗೆ ಓಲಾಡುತ್ತದೆ. ಗ್ಯಾಲನಿಗೆ ಎಂಟು ಹತ್ತು ಮೈಲಿ ಮಾತ್ರ ಓಡುತ್ತದೆ. ಅಮೆರಿಕದ ಗ್ಯಾಲನ್ ಎಂದರೆ ೩.೮ ಲೀಟರು. ಆದುದರಿಂದ ಮೈಲಿ ಹೆಚ್ಚಿದಂತೆ ಬಾಡಿಗೆಗಿಂತ ಪೆಟ್ರೋಲಿನ ಬಿಲ್ಲು ಭಾರವಾದರೂ ಆಗಬಹುದು. ಐದು ಪಾರ್ಕುಗಳ ಆಸೆಯನ್ನು ಮೊಟಕುಮಾಡಲು ಇದೊಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ ನೀರು.

ನಮ್ಮಲ್ಲಿ ದುಂದುಗಾರನನ್ನು ಕಂಡರೆ ಹಣವನ್ನು ನೀರಿನಂತೆ ಖರ್ಚು ಮಾಡುತ್ತಾನೆ ಎನ್ನುತ್ತೇವೆ. ಮರುಭೂಮಿಯಲ್ಲಿ ನೀರನ್ನು ಹಣದಂತೆ ಖರ್ಚು ಮಾಡಬೇಕು. ಲೆಕ್ಕ ಹಾಕೋಣ. ಕುಡಿಯುವುದಕ್ಕೇ ತಲೆಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಸುಮಾರು ನಾಲ್ಕು ಲೀಟರು ಬೇಕೆಂದು ಪಾರ್ಕಿನವರು ಹೇಳುತ್ತಾರೆ. ಐದು ಜನರಿಗೆ ಐದು ದಿನಕ್ಕೆ ನೂರು ಲೀಟರಾಯಿತು. ಇದನ್ನು ಬೇರೆ ಕ್ಯಾನುಗಳಲ್ಲಿ ತುಂಬಿಕೊಳ್ಳಿ. ಗಾಡಿಯ ತೊಟ್ಟಿಯನ್ನು ಇದಕ್ಕೆ ನೆಚ್ಚಬೇಡಿ. ‘ಸಿ’ ವರ್ಗದ ಗಾಡಿಯ ತೊಟ್ಟಿಯಲ್ಲಿ ಸುಮಾರು ನಲವತ್ತು ಗ್ಯಾಲನ್, ಅಂದರೆ ೧೫೦ ಲೀಟರು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಎರಡು ದಿನಕ್ಕೊಮ್ಮೆ ತುಂಬಿಸಿದರೆ ತಲೆಗೆ ದಿನಕ್ಕೆ ೧೫ ಲೀಟರು ಬಂತು. ನಮ್ಮ ಬಚ್ಚಲುಮನೆಯ ಒಂದು ಬಕೆಟ್ಟು! ಅಡುಗೆ, ಪಾತ್ರೆ, ಮುಖ ತೊಳೆಯುವುದು, ಶೌಚ ಎಲ್ಲವೂ ಆ ಒಂದು ಬಕೆಟ್ಟಿನಲ್ಲಿ ನಡೆಯಬೇಕು. ತಲೆಗೆ ಎಣ್ಣೆ ಹಾಕಿಕೊಂಡು ಮೀಯುವ ಶನಿವಾರವನ್ನು ಮುಂದಕ್ಕೆ ಹಾಕಬೇಕಾಗುತ್ತದೆ.

ನೀರು ಒಳಗೆ ಬಂದಂತೆ ಹೊರಗೂ ಹೋಗಬೇಕಷ್ಟೆ. ಗಾಡಿಯ ಅಡಿಯಲ್ಲಿ ಇನ್ನೆರಡು ತೊಟ್ಟಿಗಳಿವೆ. ಪಾತ್ರೆ ತೊಳೆದ, ಕೈತೊಳೆದ ನೀರಿಗೆ ಬೂದು ತೊಟ್ಟಿ; ಶೌಚಕ್ಕೆ ಕಪ್ಪು ತೊಟ್ಟಿ. ಎಷ್ಟೋ ವೇಳೆ ಒಳ್ಳೆಯ ನೀರು ಮುಗಿಯುವ ಮೊದಲೇ ಬೂದು ತೊಟ್ಟಿ ತುಂಬಿಬಿಡುತ್ತದೆ. ಅದನ್ನು ನೆಲಕ್ಕೆ ಸುರಿಯುವಂತಿಲ್ಲ. ಡಂಪ್ ಸ್ಟೇಷನ್ ಎಂಬ ನಿಯತವಾದ ಸ್ಥಳದಲ್ಲಿ ಕೊಳವೆ ಜೋಡಿಸಿ ಖಾಲಿಮಾಡಬೇಕು. ಕೈಗವಸು ತೊಟ್ಟು, ಮೊದಲು ಕಪ್ಪು ತೊಟ್ಟಿ, ಆಮೇಲೆ ಬೂದು ತೊಟ್ಟಿ. ಆಗ ಬೂದು ನೀರೇ ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಹೇಳಲು ಸಂಕೋಚವಾದರೂ ಇದು ಹಿರಿಯರಿಗೆ ಮುಖ್ಯವಾದ ಮಾತು. ನಮ್ಮ ಚೊಂಬಿನ ಪದ್ಧತಿಯನ್ನು ಬಿಡಬೇಕಾಗಿಲ್ಲ. ಅಳತೆ ತಿಳಿದರೆ ಸಾಕು. ಕ್ಯಾಂಪಿನಲ್ಲಿ ಸಾರ್ವಜನಿಕ ಶೌಚಾಲಯವಿದ್ದರೆ ಹಗಲು ಅಲ್ಲಿಗೇ ಹೋಗಿ, ಗಾಡಿಯದನ್ನು ರಾತ್ರಿಗೆ ಉಳಿಸಿಕೊಳ್ಳುವುದು ಜಾಣತನ.

ಅಡುಗೆಯೂ ಈ ಲೆಕ್ಕಕ್ಕೆ ಸೇರಿದ್ದು. ಚಪಾತಿ, ಪುಳಿಯೋಗರೆಯ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿ, ಒಬ್ಬಟ್ಟು ಮೊದಲಾದುವನ್ನು ಮನೆಯಲ್ಲೇ ಮಾಡಿಕೊಂಡರೆ ಅರ್ಧ ನೀರು ಉಳಿಯಿತು. ಕುಕ್ಕರಿನಲ್ಲಿ ಅನ್ನ ಒಂದನ್ನೇ ಅಲ್ಲಿ ಮಾಡಿದರೆ ಸಾಕು. ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಗಾಡಿಯೊಳಗೆ ಕೊಟ್ಟರೆ ಹೊಗೆಯ ಎಚ್ಚರಿಕೆ ಗಂಟೆ ಊರಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ. ಒಗ್ಗರಣೆ ಬೇಕೇ ಬೇಕೆಂದರೆ ಸಣ್ಣದೊಂದು ಒಲೆಯನ್ನು ಹೊರಗೆ, ಮೇಜಿನ ಮೇಲಿಟ್ಟು ಕೊಡಿ. ಪಾತ್ರೆಯನ್ನು ತೊಳೆಯುವ ಮೊದಲು ಕಾಗದದಿಂದ ಒರಸಿಬಿಡಿ.

ನೀರಿನ ಲೆಕ್ಕ ಹೊಸದಲ್ಲ. ೧೮೮೩ರಿಂದ ೧೮೮೮ರವರೆಗೆ ಡೆತ್ ವ್ಯಾಲಿಯ ಹಾರ್ಮನಿ ಕಾರ್ಖಾನೆಯಿಂದ ಬೊರಾಕ್ಸನ್ನು, ಅಂದರೆ ಟಂಕಣಕ್ಷಾರವನ್ನು, ೧೬೫ ಮೈಲಿ ದೂರದ ಮೊಹಾವಿ ಊರಿನ ರೈಲು ನಿಲ್ದಾಣಕ್ಕೆ ಸಾಗಿಸುತ್ತಿದ್ದರು. ಹದಿನೆಂಟು ಹೇಸರಗತ್ತೆ, ಎರಡು ಕುದುರೆ ಕಟ್ಟಿದ ಎರಡು ಬೃಹತ್ ಗಾಡಿಗಳು. ಅವುಗಳ ಹಿಂದೆ ಮೂರನೆಯದು ೧,೨೦೦ ಗ್ಯಾಲನ್ ನೀರು ಹಿಡಿಸುವ ತೊಟ್ಟಿ. ಹಣ ತರುವ ಸರಕಿನ ಬೆನ್ನಿಗೇ ನೀರಿಗೊಂದು ಇಡೀ ಗಾಡಿಯನ್ನು ಮೀಸಲಿಟ್ಟವರು ಆ ದಾರಿಯನ್ನು ಅರಿತಿದ್ದರು. ಹಾರ್ಮನಿಯ ಅವಶೇಷಗಳನ್ನು ಇಂದಿಗೂ ಅಲ್ಲಿ ನೋಡಬಹುದು.

ಈಗ ದಾರಿಗೆ ಬರೋಣ. ಐದು ಹಗಲು, ನಾಲ್ಕು ರಾತ್ರಿಗೆ ಎರಡೇ ಪಾರ್ಕು. ಜೋಷುವಾ ಟ್ರೀಯಲ್ಲಿ ಎರಡು ರಾತ್ರಿ, ಡೆತ್ ವ್ಯಾಲಿಯಲ್ಲಿ ಎರಡು ರಾತ್ರಿ. ಲಾಸ್ ವೇಗಾಸ್, ಗ್ರ್ಯಾಂಡ್ ಕ್ಯಾನಿಯನ್, ಜಾಯನ್ ಇವನ್ನು ಮತ್ತೊಂದು ಸಲಕ್ಕೆ ಬಿಡಿ. ಜಾಗವನ್ನು ಕಾದಿರಿಸುವುದು ಆರು ತಿಂಗಳು ಮೊದಲೇ ಆರಂಭವಾಗುತ್ತದೆ. ಚಳಿಗಾಲದ ಶನಿವಾರ ಭಾನುವಾರಗಳು ಬೇಗ ತುಂಬುತ್ತವೆ. ಮಕ್ಕಳಿಗೆ ಸಾಧ್ಯವಾದರೆ ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಲಿ.

ಮೊದಲನೆಯ ದಿನ ಲಾಸ್ ಏಂಜಲೀಸಿನಿಂದ ಜೋಷುವಾ ಟ್ರೀ; ಸುಮಾರು ೧೪೦ ಮೈಲಿ. ಗಾಡಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೂ ಅದರ ಸ್ವಿಚ್ಚು, ಕವಾಟಗಳನ್ನು ತಿಳಿಯುವುದಕ್ಕೂ ಅರ್ಧ ದಿನ ಹಿಡಿಯುತ್ತದೆ. ಮೊದಲ ದಿನ ದೂರ ಇಡಬೇಡಿ. ಈ ಪಾರ್ಕಿನ ಕ್ಯಾಂಪುಗಳಲ್ಲಿ ಎಲ್ಲಿಯೂ ಗಾಡಿಗೆ ವಿದ್ಯುತ್ತಿನ ಸಂಪರ್ಕವಿಲ್ಲ. ಬಹುಪಾಲು ಕಡೆ ನೀರೂ ಇಲ್ಲ. ವಾಯವ್ಯದ ಅಂಚಿನ ಬ್ಲ್ಯಾಕ್ ರಾಕ್, ದಕ್ಷಿಣದ ಕಾಟನ್‌ವುಡ್ ಎಂಬ ಎರಡು ಕ್ಯಾಂಪುಗಳಲ್ಲಿ ನೀರು, ಡಂಪ್ ಸ್ಟೇಷನ್ ಉಂಟು. ಮೊದಲ ಸಲ ಹೋಗುವ ಸಂಸಾರಕ್ಕೆ ಬ್ಲ್ಯಾಕ್ ರಾಕ್ ಒಳ್ಳೆಯದು. ಫೆಬ್ರವರಿಯಲ್ಲಿ ಸಂಜೆ ಐದೂವರೆಗೆ ಹೊತ್ತು ಮುಳುಗುತ್ತದೆ. ಬೆಳಕಿರುವಾಗಲೇ ಗಾಡಿಯನ್ನು ನಿಲ್ಲಿಸಿ ಮಟ್ಟಮಾಡಿಕೊಳ್ಳಬೇಕು.

ಎರಡನೆಯ ದಿನವೆಲ್ಲ ಆ ಪಾರ್ಕಿಗೇ ಇರಲಿ. ಹೆಸರಿಗೆ ಕಾರಣವಾದ ಮರ ವಿಚಿತ್ರವಾದದ್ದು. ಬೊಡ್ಡೆಯ ತುದಿಯಲ್ಲಿ ಕವಲುಕವಲಾಗಿ ಮೇಲೆತ್ತಿದ ತೋಳುಗಳು, ತೋಳಿನ ಕೊನೆಯಲ್ಲಿ ಕತ್ತಿಯಂಥ ಎಲೆಗಳ ಗೊಂಚಲು. ಬೈಬಲ್ಲಿನ ಜೋಷುವಾ ಕೈಯೆತ್ತಿ ನಿಂತಂತೆ ಕಂಡದ್ದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ನನಗೆ ಅದನ್ನು ಕಂಡೊಡನೆ ನಮ್ಮ ಹೊಲದ ಬದುವಿನ ಕತ್ತಾಳೆ ನೆನಪಾಯಿತು. ವಿಚಾರಿಸಿದರೆ ಅದು ಬರಿಯ ಹೋಲಿಕೆಯಲ್ಲ, ನೆಂಟಸ್ತಿಕೆ. ಎರಡೂ ಒಂದೇ ಕುಟುಂಬದವು, ಕತ್ತಾಳೆಯೂ ಅಮೆರಿಕದಿಂದಲೇ ನಮ್ಮಲ್ಲಿಗೆ ಬಂದದ್ದು. ಈ ಮರದ ಹೂವಿಗೆ ಪರಾಗಸ್ಪರ್ಶ ಮಾಡುವುದು ಒಂದು ಸಣ್ಣ ಪತಂಗ. ಅದು ಹೂವಿನೊಳಗೆ ಮೊಟ್ಟೆಯಿಟ್ಟು ಪರಾಗವನ್ನೂ ತುಂಬುತ್ತದೆ. ಮರಿಗಳು ಕೆಲವು ಬೀಜಗಳನ್ನು ತಿಂದು ಉಳಿದುವನ್ನು ಮರಕ್ಕೆ ಬಿಡುತ್ತವೆ. ಪತಂಗವಿಲ್ಲದೆ ಬೀಜವಿಲ್ಲ, ಬೀಜವಿಲ್ಲದೆ ಪತಂಗವಿಲ್ಲ. ಈ ನೆಲವನ್ನು ಉಳಿಸಬೇಕೆಂದು ಮಿನರ್ವಾ ಹಾಯ್ಟ್ ಎಂಬ ಮಹಿಳೆ ಹಠ ಹಿಡಿದು ಶ್ರಮಿಸಿದುದರಿಂದ ೧೯೩೬ರಲ್ಲಿ ಇದು ರಕ್ಷಿತ ಪ್ರದೇಶವಾಯಿತು. ೧೯೯೪ರಲ್ಲಿ ಡೆತ್ ವ್ಯಾಲಿಯೊಡನೆ ರಾಷ್ಟ್ರೀಯ ಉದ್ಯಾನವಾಯಿತು. ಮಂಡಿನೋವಿನವರು ಗುಂಡುಬಂಡೆಗಳನ್ನು ಹತ್ತಬೇಕಾಗಿಲ್ಲ. ಕೀಸ್ ವ್ಯೂ ಎಂಬ ನೋಟದ ತಾಣಕ್ಕೆ ರಸ್ತೆಯೇ ಉಂಟು.

ಮೂರನೆಯ ದಿನ ದೂರದ ಪ್ರಯಾಣ. ಟ್ವೆಂಟಿನೈನ್ ಪಾಮ್ಸ್ ಊರಿನಲ್ಲಿ ಪೆಟ್ರೋಲು ಪೂರ್ತಿ ತುಂಬಿಸಿ. ಅಲ್ಲಿಂದ ಆಂಬಾಯ್, ಕೆಲ್ಸೋ, ಬೇಕರ್, ಶೋಶೋನಿ, ಡೆತ್ ವ್ಯಾಲಿ ಜಂಕ್ಷನ್ ಮೂಲಕ ಫರ್ನೇಸ್ ಕ್ರೀಕಿಗೆ ಇನ್ನೂರು ಮೈಲಿಗೂ ಮಿಕ್ಕು. ಬೇಕರ್‌ವರೆಗೆ ನೆಚ್ಚಬಹುದಾದ ಬಂಕಿಲ್ಲವೆಂದೇ ತಿಳಿಯಿರಿ. ಮಳೆಯಿಂದ ರಸ್ತೆ ಮುಚ್ಚಿದೆಯೇ ಎಂದು ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಿ. ಮರುಭೂಮಿಯಲ್ಲಿ ಪ್ರವಾಹವೇ ಎಂದು ನಗಬಾರದು. ಡೆತ್ ವ್ಯಾಲಿಯ ತಳದಲ್ಲಿ ವರ್ಷಕ್ಕೆ ಸುಮಾರು ಎರಡು ಅಂಗುಲ ಮಳೆ. ೨೦೨೩ರ ಆಗಸ್ಟ್ ೨೦ರಂದು ಒಂದೇ ದಿನ ೨.೨ ಅಂಗುಲ ಸುರಿದು ರಸ್ತೆಗಳು ಕೊಚ್ಚಿಹೋದುವು. ಬ್ಯಾಡ್‌ವಾಟರಿನ ಉಪ್ಪಿನ ಬಯಲಿನಲ್ಲಿ ಕೆರೆಯೇ ನಿಂತಿತು. ಕಲ್ಲುನೆಲ ನೀರನ್ನು ಹೀರುವುದಿಲ್ಲ. ಎಲ್ಲೋ ಬೆಟ್ಟದಲ್ಲಿ ಬಿದ್ದ ಮಳೆ ಒಣಹಳ್ಳದಲ್ಲಿ ಗೋಡೆಯಂತೆ ಬರುತ್ತದೆ. ಹರಿಯುವ ನೀರಿಗೆ ಗಾಡಿ ಇಳಿಸಬೇಡಿ. ಜಂಕ್ಷನ್ನಿನಿಂದ ಕಣಿವೆಗೆ ದೀರ್ಘವಾದ ಇಳಿಜಾರು. ಬ್ರೇಕನ್ನೇ ಒತ್ತಿ ಕಾಯಿಸದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು.

ನಾಲ್ಕನೆಯ ದಿನ ಡೆತ್ ವ್ಯಾಲಿ. ಈ ಪಾರ್ಕಿನ ವಿಸ್ತಾರ ೧೩,೦೦೦ ಚದರ ಕಿಲೋಮೀಟರಿಗೂ ಹೆಚ್ಚು. ಎಲ್ಲವನ್ನೂ ನೋಡುತ್ತೇನೆಂಬ ಮಾತೇ ಸಲ್ಲದು. ನಾಲ್ಕು ನೋಟಗಳು ಸಾಕು. ಬೆಳಗಿನ ಜಾವ ಜಬ್ರಿಸ್ಕಿ ಪಾಯಿಂಟಿನಲ್ಲಿ ಅರಿಸಿನದ ಬಣ್ಣದ ಮಣ್ಣುಗುಡ್ಡಗಳ ಮೇಲೆ ಎಳೆಬಿಸಿಲು ಇಳಿಯುವುದು. ಅಲ್ಲಿಂದ ಬ್ಯಾಡ್‌ವಾಟರ್, ಸಮುದ್ರಮಟ್ಟಕ್ಕಿಂತ ೮೬ ಮೀಟರು ತಗ್ಗು. ಬೆಳ್ಳಗೆ ಹರಡಿದ ಉಪ್ಪಿನ ನಡುವೆ ನಿಂತು ಹಿಂದಿನ ಬಂಡೆಯನ್ನು ನೋಡಿದರೆ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ ಸಮುದ್ರಮಟ್ಟದ ಫಲಕ; ಎದುರಿಗೆ ೩,೩೬೬ ಮೀಟರಿನ ಟೆಲಿಸ್ಕೋಪ್ ಶಿಖರದ ಮೇಲೆ ಹಿಮ. ಮಧ್ಯಾಹ್ನ ವಿಶ್ರಾಂತಿ. ಇಳಿಹೊತ್ತಿಗೆ ಆರ್ಟಿಸ್ಟ್ಸ್ ಡ್ರೈವ್. ಕೊನೆಗೆ ಮೆಸ್ಕೀಟ್ ಫ್ಲ್ಯಾಟಿನ ಮರಳುದಿಬ್ಬಗಳು. ಮೊಮ್ಮಕ್ಕಳು ಅಲ್ಲಿ ಜಾರುವ ಆಟಕ್ಕೆ ಬೇರೆ ಆಟಿಕೆ ಬೇಡ. ಫರ್ನೇಸ್ ಕ್ರೀಕಿನಲ್ಲೇ ಟಿಂಬಿಷಾ ಜನರ ವಸತಿ ಇದೆ. ಅಮೆರಿಕ ಸರ್ಕಾರ ೨೦೦೦ದಲ್ಲಿ ಕಾಯಿದೆ ಮಾಡಿ ಆ ನೆಲವನ್ನು ಅವರಿಗೆ ಒಪ್ಪಿಸಿತು. ಅದು ಜನರ ಮನೆ, ನೋಟದ ವಸ್ತುವಲ್ಲವೆಂಬ ಮರ್ಯಾದೆ ನಮಗಿರಲಿ.

ಉಪ್ಪಿನ ಬಯಲಿನಾಚೆ, ನೆಲ ಕಾದಾಗ, ನೀರು ಮಿನುಗಿದಂತೆ ಕಾಣುವುದುಂಟು. ಸಂಸ್ಕೃತದವರು ಇದನ್ನು ಮೃಗತೃಷ್ಣೆ ಎಂದರು, ಬಾಯಾರಿದ ಜಿಂಕೆಯನ್ನು ನೆನೆದು. ಕನ್ನಡಿಗರು ಬಿಸಿಲ್ಗುದುರೆ ಎಂದರು. ಹಿಡಿಯಹೋದಷ್ಟೂ ಓಡುವ ಕುದುರೆ. ಇಂದಿನ ಬಿಸಿಲ್ಗುದುರೆ ಫೋನಿನ ನಕ್ಷೆಯಲ್ಲಿರುತ್ತದೆ. ಅದು ತೋರಿಸುವ ಹತ್ತಿರದ ದಾರಿ ಕೆಲವೊಮ್ಮೆ ಎಷ್ಟೋ ವರ್ಷಗಳ ಹಿಂದೆ ಹಾಳಾದ ಗಣಿಯ ಜಾಡು. ೧೯೯೬ರ ಜುಲೈಯಲ್ಲಿ, ಈ ಫೋನುಗಳು ಬರುವುದಕ್ಕೂ ಮುಂಚೆ, ಜರ್ಮನಿಯಿಂದ ಬಂದ ನಾಲ್ವರ ಸಂಸಾರ, ಅದರಲ್ಲಿ ಇಬ್ಬರು ಮಕ್ಕಳು, ಬಾಡಿಗೆಯ ವ್ಯಾನಿನಲ್ಲಿ ಇಂಥ ಕಡಿದಾದ ಒಳದಾರಿಗೆ ಇಳಿಯಿತು. ಅಕ್ಟೋಬರಿನಲ್ಲಿ ವ್ಯಾನು ಸಿಕ್ಕಿತು, ಟಯರುಗಳು ಒಡೆದಿದ್ದುವು. ಜನ ಸಿಗಲಿಲ್ಲ. ವ್ಯಾನಿನಿಂದ ಎಷ್ಟೋ ಮೈಲಿ ದಕ್ಷಿಣಕ್ಕೆ ಅಸ್ಥಿಗಳು ದೊರೆತದ್ದು ೨೦೦೯ರಲ್ಲಿ, ಹದಿಮೂರು ವರ್ಷಗಳ ಮೇಲೆ. ೧೮೪೯ರಲ್ಲಿ ನಡೆದುದೇ ಮತ್ತೆ ನಡೆಯಿತು: ಹತ್ತಿರದ ದಾರಿಯ ಆಸೆ.

ಆದುದರಿಂದ ಕೆಲವು ಕಟ್ಟುನಿಟ್ಟುಗಳು. ಡಾಂಬರಿನ ರಸ್ತೆ ಬಿಡಬಾರದು. ಬಾಡಿಗೆಯ ಕರಾರೂ ಸಾಮಾನ್ಯವಾಗಿ ಅದನ್ನೇ ಹೇಳುತ್ತದೆ. ಪಾರ್ಕುಗಳ ಬಹುಭಾಗದಲ್ಲಿ ಫೋನು ಕೆಲಸ ಮಾಡುವುದಿಲ್ಲ. ಕಾಗದದ ನಕ್ಷೆಯನ್ನು ಪ್ರವೇಶದಲ್ಲೇ ಪಡೆಯಿರಿ. ಯಾವ ದಿನ ಎಲ್ಲಿ, ಯಾವ ರಾತ್ರಿ ಯಾವ ಕ್ಯಾಂಪು ಎಂಬುದನ್ನು ಬರೆದು ಊರಿನಲ್ಲಿರುವ ಒಬ್ಬ ಸ್ನೇಹಿತರಿಗೆ ಕೊಟ್ಟಿರಿ. ಗಾಡಿ ಕೆಟ್ಟರೆ ಗಾಡಿಯ ಬಳಿಯಲ್ಲೇ ಇರಿ. ನಡೆದುಹೋದ ಮನುಷ್ಯನಿಗಿಂತ ನಿಂತ ಗಾಡಿ ಬೇಗ ಕಣ್ಣಿಗೆ ಬೀಳುತ್ತದೆ. ಪೆಟ್ರೋಲು ಅರ್ಧಕ್ಕೆ ಇಳಿದಾಗಲೇ ತುಂಬಿಸಿ. ಕಣಿವೆಯೊಳಗೆ ಫರ್ನೇಸ್ ಕ್ರೀಕ್, ಸ್ಟೋವ್‌ಪೈಪ್ ವೆಲ್ಸ್‌ಗಳಲ್ಲಿ ಸಿಕ್ಕುತ್ತದೆ, ಬೆಲೆ ಹೆಚ್ಚು.

ಹಿರಿಯರಿಗೆ ಒಂದು ಕಿವಿಮಾತು. ಅಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ. ಹುಟ್ಟಿದ ಕ್ಷಣದಲ್ಲೇ ಆರಿಹೋಗುತ್ತದೆ. ಆದುದರಿಂದ ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ನೀರು ಕುಡಿಯಬೇಕು, ಜೊತೆಗೆ ಉಪ್ಪುಳ್ಳ ತಿಂಡಿ ಏನಾದರೂ ಇರಬೇಕು. ರಾತ್ರಿ ಎದ್ದು ಹೋಗಬೇಕಾಗುತ್ತದೆಂದು ನೀರು ಬಿಡುವವರು ನಮ್ಮಲ್ಲಿ ಬಹಳ. ಅಲ್ಲಿ ಹಾಗೆ ಮಾಡಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಒಯ್ಯಬೇಕು. ಹೊರಡುವ ಮೊದಲು ವೈದ್ಯರನ್ನೂ ಒಂದು ಮಾತು ಕೇಳಿ. ಕೆಲವು ಮಾತ್ರೆಗಳು ಮೈಯ ನೀರನ್ನು ಇಳಿಸುವಂಥವು.

ಇಷ್ಟೆಲ್ಲ ಲೆಕ್ಕ ಏಕೆ, ಮನೆಯಲ್ಲೇ ಇರಬಾರದೆ ಎಂದು ಕೇಳುವವರಿಗೆ ಅಲ್ಲಿಯ ರಾತ್ರಿಯೇ ಉತ್ತರ. ಎರಡು ಪಾರ್ಕುಗಳೂ ಕತ್ತಲೆಯನ್ನು ಕಾಪಾಡುವ ತಾಣಗಳೆಂದು ಅಂತರರಾಷ್ಟ್ರೀಯ ಮನ್ನಣೆ ಪಡೆದವು. ಡೆತ್ ವ್ಯಾಲಿ ೨೦೧೩ರಲ್ಲಿ, ಜೋಷುವಾ ಟ್ರೀ ೨೦೧೭ರಲ್ಲಿ. ಗಾಡಿಯ ದೀಪ ಆರಿಸಿ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತರೆ ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ ಪಂಚಾಂಗದಿಂದ ಎದ್ದುಬಂದಂತೆ ಕಾಣುತ್ತವೆ. ಧ್ರುವ ಮೈಸೂರಿನಲ್ಲಿ ದಿಗಂತದಿಂದ ಹನ್ನೆರಡು ಡಿಗ್ರಿ ಮಾತ್ರ ಮೇಲಿದ್ದು ಮರಮನೆಗಳ ಮರೆಯಲ್ಲಿ ಕಳೆದುಹೋಗುತ್ತಾನೆ; ಅಲ್ಲಿ ಮೂವತ್ತಾರು ಡಿಗ್ರಿ ಎತ್ತರದಲ್ಲಿ ನೆಟ್ಟಗೆ ನಿಂತಿರುತ್ತಾನೆ. ಆದರೆ ನಮ್ಮ ದಕ್ಷಿಣದ ಅಗಸ್ತ್ಯ ಅಲ್ಲಿ ಬೆಟ್ಟಗಳ ಹಿಂದೆ ಅಡಗಿಯೇ ಇರುತ್ತಾನೆ. ದೇಶ ಬದಲಾದರೆ ಆಕಾಶವೂ ಸ್ವಲ್ಪ ಸರಿಯುತ್ತದೆಂಬುದನ್ನು ಮೊಮ್ಮಕ್ಕಳಿಗೆ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಹಗಲೆಲ್ಲ ಕೆಲಸದಲ್ಲಿ ಮುಳುಗಿರುವ ಮಗ ಮಗಳು, ಫೋನೂ ಸುಮ್ಮನಿರುವ ಆ ಹೊತ್ತಿನಲ್ಲಿ, ನಿಮ್ಮ ಪಕ್ಕದಲ್ಲಿ ಕುಳಿತು ಮಾತನಾಡುತ್ತಾರೆ. ಐದು ಪಾರ್ಕುಗಳಿಗೆ ಓಡುವ ಯೋಜನೆಯಲ್ಲಿ ಈ ಹೊತ್ತಿಗೆ ಜಾಗವಿರುವುದಿಲ್ಲ.

ಐದನೆಯ ದಿನ ಬಂದ ದಾರಿಯಲ್ಲೇ ಬೇಕರ್‌ವರೆಗೆ ಬಂದು ಹೆದ್ದಾರಿ ಹಿಡಿದರೆ ಲಾಸ್ ಏಂಜಲೀಸಿಗೆ ಒಂದು ಹಗಲಿನ ಪ್ರಯಾಣ. ಹೊರಡುವ 
ಮುನ್ನ ತೊಟ್ಟಿಗಳನ್ನು ಖಾಲಿಮಾಡಿ, ಕಸವನ್ನು ಕಟ್ಟಿಕೊಂಡು, ಒಂದು ಕಲ್ಲನ್ನೂ ಒಂದು ಹರಳು ಉಪ್ಪನ್ನೂ ನೆನಪಿಗೆಂದು ಎತ್ತಿಕೊಳ್ಳದೆ ಬನ್ನಿ. ಹಾಗೆ ಎತ್ತಿಕೊಳ್ಳುವುದು ಕಾಯಿದೆಗೂ ವಿರುದ್ಧ.

ಕಾಲವರಿತು ಹೋಗಿ, ನೀರನ್ನು ಎಣಿಸಿ ಬಳಸಿ, ದಾರಿಯನ್ನು ಮೊಟಕುಮಾಡದೆ ಆಸೆಯನ್ನು ಮೊಟಕುಮಾಡಿ. ಆಗ ಮರುಭೂಮಿ ತನ್ನ ಹೆಸರಿನ ಹೆದರಿಕೆಯನ್ನು ಬಿಟ್ಟು, ಕೆಮ್ಮಣ್ಣಿನ ಜನರಿಗೆ ಕಂಡಂತೆ ನಿಮಗೂ ಸ್ವಲ್ಪ ಕಂಡೀತು.